ಮಂಜಿನೂರಿನ ಬಸ್ಸು

ಆ ಊರಲ್ಲಿ ಯಾವಾಗ ನೋಡಿದ್ರೂ ಮಂಜು. ಬೆಳಗ್ಗೆ ಹೋದ್ರೂ ಮಂಜು, ಮಧ್ಯಾಹ್ನ ಹೋದ್ರೂ ಮಂಜು. ಬಸ್ಸಿನ ಮುಂದೆ ನಾಲ್ಕು ಮಾರು ರಸ್ತೆ ಕಾಣಿಸೋದು, ಅದರಾಚೆ ಬರೀ ಬಿಳಿ. ಬಸ್ಸು ಮುಂದಕ್ಕೆ ಹೋದಂತೆ ಮೊದಲು ಒಂದು ಗೋಡೆ ಹುಟ್ಟೋದು, ಆಮೇಲೆ ಅದಕ್ಕೊಂದು ಕಿಟಕಿ ಬರೋದು, ಆಮೇಲೆ ಬಾಗಿಲು. ನಾವು ದಾಟಿ ಹೋದ ಮೇಲೆ ಆ ಮನೆ ಎಲ್ಲಿಗೆ ಹೋಗ್ತಿತ್ತೋ ದೇವರಿಗೇ ಗೊತ್ತು. ಜನ ಅನ್ನೋರು ಒಬ್ಬರೂ ಇಲ್ಲ. ನಾಯಿ ಇಲ್ಲ, ಸೈಕಲ್ಲಿಲ್ಲ. ಎಲ್ಲರೂ ಒಳಗೆ ಕಂಬಳಿ ಹೊದ್ದು ಮಲಗಿರ್ತಾರೆ ಅಂತ ನಾನಂದ್ಕೊಂಡಿದ್ದೆ. ಅಂಥ ಊರಲ್ಲಿ ಬಸ್ಸು ಓಡಿಸೋ ಹಣೆಬರಹ ನನ್ನ ಅಳಿಯನದು, ಪಕ್ಕದಲ್ಲಿ ಕೂತು ಹುರುಳಿಕಾಯಿ ನಾರು ತೆಗೆಯೋ ಹಣೆಬರಹ ನನ್ನದು.

ನಿಜವಾದ ಊರಲ್ಲ ಕಣ್ರೀ, ಗಾಬರಿ ಬೀಳಬೇಡಿ. ನಮ್ಮ ಹಾಲ್‌ನ ಮೂಲೆಯಲ್ಲಿ ಒಂದು ಹಳೇ ಕಂಪ್ಯೂಟರ್ ಇದೆ, ಮಗಳು ಓದೋ ಕಾಲದಲ್ಲಿ ತಂದಿದ್ದು. ಅದರೊಳಗೊಂದು ಬಸ್ಸಿನ ಆಟ. ಮೇಜಿನ ಅಂಚಿಗೆ ಪ್ಲಾಸ್ಟಿಕ್ ಸ್ಟೀರಿಂಗು ಕಚ್ಚಿಸಿ, ಕಾಲ ಕೆಳಗೆ ಎರಡು ಪೆಡಲು ಇಟ್ಕೊಂಡು, ಅಳಿಯ ಬೆಳಗ್ಗೆ ತಿಂಡಿ ಮುಗಿಸಿದ್ದೇ ತಡ ಅಲ್ಲಿ ಕೂತುಬಿಡೋನು. ಯಾರಾದ್ರೂ ನೋಡಿದ್ರೆ ನಗ್ತಾರೆ. ಯಾಕಂದ್ರೆ ಇವನು ನಿಜವಾಗಲೂ ಬಸ್ ಡ್ರೈವರ್ರೇ. ಮದುವೆಗೆ ಮುಂಚಿನಿಂದ ಸಿಟಿ ಬಸ್ಸು ಓಡಿಸ್ತಾ ಬಂದವನು. ಚಳಿಗಾಲದಲ್ಲಿ ಒಂದು ದಿನ ಸೊಂಟ ಹಿಡ್ಕೊಂಡಿದೆ ಅಂತ ಮನೆಗೆ ಬಂದ. ಬಂದವನು ಮತ್ತೆ ಹೋಗಲೇ ಇಲ್ಲ. ಡಾಕ್ಟರು ಎಕ್ಸ್‌ರೇ ತೆಗೆಸಿದ್ರು, ಹಚ್ಕೊಳ್ಳೋಕೆ ಮುಲಾಮು ಕೊಟ್ರು, ಕಟ್ಕೊಳ್ಳೋಕೆ ಪಟ್ಟಿ ಕೊಟ್ರು. ಕೊನೆಗೆ ಸೊಂಟಕ್ಕೇನೂ ಆಗಿಲ್ಲ ಅಂದ್ರು. ಇವನು ಮಾತ್ರ ನೋವಿದೆ ಅಂದ. ಚಳಿ ಹೋಗಿ ಬಿಸಿಲು ಬಂತು, ನೋವು ಜಪ್ಪಯ್ಯ ಅಂದ್ರೂ ಹೋಗಲಿಲ್ಲ.

ಎದುರಿಗೆ ನಾನು ಅವನನ್ನ ಅಳಿಯಂದ್ರೇ ಬನ್ನಿ, ನೀವು ಕೂತ್ಕೊಳ್ಳಿ ಅಂತೀನಿ. ಬೆನ್ನ ಹಿಂದೆ ಅವನು, ಇವನು. ಮರ್ಯಾದೆ ಕಮ್ಮಿ ಅಂತಲ್ಲ, ನನ್ನ ಬಾಯೇ ಹಾಗೆ. ಬಿಸ್ಕತ್ತು ಕಾರ್ಖಾನೆಯ ಪ್ಯಾಕಿಂಗ್‌ನಲ್ಲಿದ್ದೆ. ಮೆಷಿನ್ ಸದ್ದಿನ ಮೇಲೆ ಕೂಗಿ ಕೂಗಿ ಗಂಟಲೂ ಒರಟಾಯ್ತು, ಮಾತೂ ಒರಟಾಯ್ತು. ಇವನೋ, ಇತ್ತೀಚೆಗೆ ನೀರು ಕೇಳಬೇಕಾದ್ರೂ ಅಪ್ಪಣೆ ಬೇಡೋ ಥರ ಕೇಳೋನು. "ಅತ್ತೆ, ಸ್ವಲ್ಪ ನೀರು... ಇಲ್ಲ, ಇರಲಿ ಬಿಡಿ, ನಾನೇ ತಗೋತೀನಿ." ಕೇಳಿದ್ರೆ ನನಗೆ ಮೈ ಪರಚಿಕೊಳ್ಳೋ ಹಾಗಾಗೋದು. ಗಂಡಸು ಒಂದು ಲೋಟ ನೀರು ಜೋರಾಗಿ ಕೇಳೋಕೂ ಆಗ್ದೇ ಇರೋ ಅಷ್ಟು ಏನಾಗಿದೆ ಇವನಿಗೆ?

ಹೀಗಿರೋವಾಗ ಡಿಪೋ ಮ್ಯಾನೇಜರ್ ಫೋನ್ ಬಂತು. ಆ ಯಪ್ಪನ ದನಿ ಫೋನಿನಾಚೆಗೂ ಕೇಳಿಸೋದು. ಬರೋ ಸೋಮವಾರ ಬೆಳಗ್ಗೆ ಬಂದು ಟ್ರಯಲ್ ಓಡಿಸಬೇಕಂತೆ. ಖಾಲಿ ಬಸ್ಸು, ಅವನದೇ ಹಳೇ ರೂಟು, ಪಕ್ಕದಲ್ಲಿ ಇನ್‌ಸ್ಟ್ರಕ್ಟರ್ ಕೂತಿರ್ತಾರೆ. ಎಲ್ಲಾ ಸ್ಟಾಪಲ್ಲೂ ನಿಲ್ಲಿಸಿ ಹೊರಡಬೇಕು. ಸರಿಯಾಗಿ ಓಡಿಸಿದ್ರೆ ಡ್ಯೂಟಿ. ಬರದೇ ಹೋದ್ರೆ, ಇಲ್ಲಾ ಓಡಿಸೋಕಾಗದೇ ಹೋದ್ರೆ, ಟೈರ್ ಸೆಕ್ಷನ್ನು. ಮತ್ತೆ ಜನ್ಮದಲ್ಲಿ ಸ್ಟೀರಿಂಗ್ ಕೊಡಲ್ಲ.

"ಹೂಂ ಸಾರ್," ಅಂದ ಅಳಿಯ. ಫೋನ್ ಇಟ್ಟು ಮತ್ತೆ ಮಂಜಿನೊಳಗೆ ಹೋಗಿಬಿಟ್ಟ.

ನಿಜ ಹೇಳಬೇಕು ಅಂದ್ರೆ ಆ ಮಂಜು ನನಗೂ ಹಿಡಿಸಿತ್ತು. ಮಧ್ಯಾಹ್ನ ಅಡುಗೆಮನೆ ಕೆಲಸ ಮುಗಿಸಿ ಬಂದು ಕುರ್ಚಿ ಎಳ್ಕೊಂಡು ಕೂತ್ರೆ ಬಸ್ಸಿನ ಗುಂಯ್ ಅನ್ನೋ ಸದ್ದಿಗೆ ಹಾಗೇ ತೂಕಡಿಕೆ. ಕಣ್ಣು ಬಿಟ್ರೆ ಅದೇ ಬಿಳಿ, ಅದೇ ರಸ್ತೆ. ಎಷ್ಟು ಹೊತ್ತು ಮಲಗಿದ್ದೆ, ಎಲ್ಲಿಯವರೆಗೆ ಬಂದ್ವಿ, ಒಂದೂ ಗೊತ್ತಾಗ್ತಿರಲಿಲ್ಲ. ಕಿಟಕಿಗೊಬ್ಬೊಬ್ಬರನ್ನ ನಾನೇ ಕೂರಿಸಿದ್ದೆ. ನೀಲಿ ಬಾಗಿಲಿನ ಮನೆಯಲ್ಲಿ ಇಬ್ಬರು ಅಕ್ಕತಂಗೀರು, ಮಾತು ಬಿಟ್ಟಿದ್ದಾರೆ. ಮೂಲೆಮನೆಯಲ್ಲಿ ಒಬ್ಬ ಗಡಿಯಾರ ರಿಪೇರಿಯವನು, ಎದ್ದೇಳೋಕೆ ಸೋಮಾರಿ. ಹೇಳಿದ್ರೆ ಅಳಿಯನೂ ನಗೋನು. "ಇವತ್ತು ಅಕ್ಕತಂಗೀರು ಮಾತಾಡಿದ್ರಾ ಅತ್ತೆ?" ಅನ್ನೋನು. ಅವನು ನಗ್ತಾ ಇದ್ದಿದ್ದು ಅದೊಂದೇ ಹೊತ್ತು. ನನಗೂ ಎಂಥ ಗ್ರಹಚಾರ ಹಿಡೀತು ಅಂದ್ರೆ, ತರಕಾರಿ ಅಂಗಡಿಗೆ ಹೊರಟಾಗ ತಿರುವಿನಾಚೆ ರಸ್ತೆ ಇದೆಯೋ ಇಲ್ವೋ, ನಾನು ಹತ್ತಿರ ಹೋದ ಮೇಲೆ ಹುಟ್ಟುತ್ತೋ ಅಂತ ಅನುಮಾನ ಬರೋಕೆ ಶುರುವಾಯ್ತು. ನಿಂತು ನೋಡ್ತಿದ್ದೆ. ಹಾಲಿನವನು ಎದುರಿಗೆ ಬಂದು "ಏನಮ್ಮಾ, ದಾರಿ ತಪ್ಪಿತಾ?" ಅಂತ ಕೇಳಿದ ಮೇಲೆ ಕಾಲು ಮುಂದಕ್ಕೆ ಬರೋದು.

ಒಂದು ವಿಷಯ ಮಾತ್ರ ನನಗೆ ಅರ್ಥವಾಗ್ತಿರಲಿಲ್ಲ. ಆ ಊರಲ್ಲಿ ಗಡಿಯಾರದ ಕಂಬ ದಾಟಿ ಎಡಕ್ಕೆ ತಿರುಗೋ ಒಂದು ಮೂಲೆ ಇದೆ. ಅಲ್ಲಿಗೆ ಬಂದ್ರೆ ಸಾಕು, ಅಳಿಯ ಗಕ್ಕನೆ ಬ್ರೇಕ್ ಒತ್ತೋನು. ಮುಂದೆ ಏನೂ ಇಲ್ಲ, ಯಾರೂ ಇಲ್ಲ. ಸ್ವಲ್ಪ ಹೊತ್ತು ನಿಂತು, ಉಸಿರು ಬಿಟ್ಟು, ಮತ್ತೆ ಹೊರಡೋನು.

"ಯಾಕೆ ಅಳಿಯಂದ್ರೇ, ಬೆಕ್ಕು ಅಡ್ಡ ಬಂತಾ?" ಅಂದೆ ಒಂದು ದಿನ.

"ಹಾಗೇ ಅತ್ತೆ. ಅಭ್ಯಾಸ," ಅಂದ. ಕಿವಿ ಕೆಂಪಾಗಿತ್ತು.

ಈ ಮಂಜಿಗೆ ಕುತ್ತು ತಂದವಳು ನನ್ನ ಮಗಳು. ಅವಳು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸೋ ಕೆಲಸ ಮಾಡ್ತಾಳೆ. ಮಬ್ಬು ಅಂದ್ರೆ ಅವಳಿಗೆ ಕಣ್ಣಲ್ಲಿ ಖಾರ ಬಿದ್ದಂಗೆ. ಯಾರ ಮೂಗಿನ ಮೇಲೆ ಕೊಳಕು ಕನ್ನಡಕ ಕಂಡ್ರೂ ಕಿತ್ಕೊಂಡು ಒರೆಸಿಕೊಡೋ ಜಾತಿ. ಒಂದು ಸಂಜೆ ಕೆಲಸದಿಂದ ಬಂದವಳು ನಮ್ಮಿಬ್ಬರ ಹಿಂದೆ ನಿಂತಳು.

"ಇದೇನ್ರೀ ಇದು, ಇಷ್ಟೊಂದು ಮಂಜು?"

"ಆ ಊರಿನ ಹವಾನೇ ಹಾಗೆ ಕಣೇ," ಅಂದೆ ನಾನು, ಅಲ್ಲೇ ಹುಟ್ಟಿ ಬೆಳೆದವಳ ಥರ.

ಅವಳು ನಗೋಕೆ ಶುರುಮಾಡಿದ್ಳು ನೋಡಿ, ಬ್ಯಾಗು ಕೆಳಗಿಟ್ಟು ಹೊಟ್ಟೆ ಹಿಡ್ಕೊಂಡು ನಕ್ಕಳು. "ಅಯ್ಯೋ ಅಮ್ಮಾ! ಹವಾ ಅಲ್ಲಮ್ಮಾ ಅದು. ಕಂಪ್ಯೂಟರ್‌ಗೆ ಕೈಲಾಗ್ತಿಲ್ಲ. ದೂರದ ಮನೆ, ಮರ, ಜನ, ಇದನ್ನೆಲ್ಲಾ ಬಿಡಿಸೋಕೆ ಶಕ್ತಿ ಇಲ್ಲ. ಗ್ರಾಫಿಕ್ಸ್ ಕಾರ್ಡ್ ಹಳೇದು, ಮೆಮೊರಿ ಸಾಲ್ತಿಲ್ಲ. ಅದಕ್ಕೇ ಮಂಜು ಹಾಕಿ ಮುಚ್ಚಿಡುತ್ತೆ."

ನನಗೆ ಪಿಚ್ಚೆನಿಸ್ತು. ಇಷ್ಟು ದಿನ ಕಂಬಳಿ ಹೊದಿಸಿ ಮಲಗಿಸಿದ್ದೆನಲ್ಲ, ಅವರೆಲ್ಲಾ ಇರಲೇ ಇಲ್ವಾ? ಅಳಿಯನ ಮುಖ ನೋಡಿದೆ. ಅವನು ನಗಲಿಲ್ಲ, ಆಶ್ಚರ್ಯವೂ ಪಡಲಿಲ್ಲ. ಅವನಿಗೆ ಮೊದಲೇ ಗೊತ್ತಿತ್ತು.

"ಇದೇ ಸಾಕು ಬಿಡು," ಅಂದ ಹೆಂಡತಿಗೆ. "ನನಗಿದೇ ಚೆನ್ನಾಗಿದೆ."

"ಏನು ಸಾಕು? ಸೋಮವಾರ ಟ್ರಯಲ್ ಇಟ್ಕೊಂಡು ಈ ಮಬ್ಬಲ್ಲಿ ಪ್ರಾಕ್ಟೀಸ್ ಮಾಡ್ತೀರಾ? ನೆಟ್ಟಗೆ ಕಣ್ಣು ಕಂಡ್ರೆ ತಾನೇ ಕೈ ಬರೋದು?" ಅವಳು ಒಂದು ಸಲ ಹಟ ಹಿಡಿದ್ರೆ ಮುಗೀತು. ಅದು ಯಾರಿಂದ ಬಂದ ಗುಣ ಅಂತ ನಾನು ಬಾಯಿ ಬಿಡಲ್ಲ.

ಶುಕ್ರವಾರ ಅವಳಿಗೆ ವಾರದ ರಜಾ. ಅವಳ ಅಂಗಡಿ ಪಕ್ಕದ ಕಂಪ್ಯೂಟರ್ ರಿಪೇರಿಯವನನ್ನ ಪೀಡಿಸಿ, ಒಂದು ಗ್ರಾಫಿಕ್ಸ್ ಕಾರ್ಡು, ಎರಡು ಮೆಮೊರಿ ಪಟ್ಟಿ ತಂದಿದ್ಳು. ಹಳೇ ಬೋರ್ಡಿಗೆ ಈಗಿನ ಮೆಮೊರಿ ಕೂರಲ್ವಂತೆ, ಆ ಕಾಲದ್ದೇ ಆಗಬೇಕಂತೆ, ಹುಡುಕಿಸಿ ತಂದಿದ್ಳು ಪಾಪ. ಅಳಿಯ ಬಕೆಟ್ಟಿನಲ್ಲಿದ್ದ ಬಟ್ಟೆ ಎತ್ಕೊಂಡು ಒಣಗಿಸೋಕೆ ಅಂತ ಮಹಡಿ ಮೇಲೆ ಹೋಗಿಬಿಟ್ಟ. ನಾವು ತಾಯಿ ಮಗಳು ಕಂಪ್ಯೂಟರ್ ಡಬ್ಬಾನ ನೆಲದ ಮೇಲೆ ಹಳೇ ಬೆಡ್‌ಶೀಟು ಹಾಸಿ ಅಡ್ಡ ಮಲಗಿಸಿದ್ವಿ.

"ಮೊದಲು ಈ ಕಬ್ಬಿಣ ಮುಟ್ಟು ಅಮ್ಮ. ಮೈಯಲ್ಲಿರೋ ಕರೆಂಟ್ ಹೋಗಬೇಕು, ಇಲ್ಲಾಂದ್ರೆ ಒಳಗಿನ ಭಾಗ ಸುಟ್ಟು ಹೋಗುತ್ತೆ."

"ನನ್ನ ಮೈಯಲ್ಲಿ ಕರೆಂಟ್ ಇದ್ದಿದ್ರೆ ನಿಮ್ಮಪ್ಪ ಯಾವತ್ತೋ ಬಲ್ಬ್ ಸಿಕ್ಕಿಸಿರೋರು," ಅಂದೆ. ಆದ್ರೂ ಮುಟ್ಟಿದೆ.

ಪಕ್ಕದ ತಗಡು ಬಿಚ್ಚಿದ್ರೆ ಅಬ್ಬಬ್ಬಾ ಆ ಧೂಳು! ಫ್ಯಾನಿನ ರೆಕ್ಕೆಗಳಿಗೆ ಬೂದು ಬಣ್ಣದ ತುಪ್ಪಳ ಬೆಳೆದಿತ್ತು. ಕಿಟಕಿಯಿಂದ ಬಿಸಿಲುಕೋಲು ಅದರ ಮೇಲೆ ಬಿದ್ದು, ಬ್ರಷ್ ಆಡಿಸಿದ ಕೂಡಲೇ ಧೂಳೆಲ್ಲಾ ಎದ್ದು ನಿಧಾನಕ್ಕೆ ತೇಲ್ತು. ಒಂದು ಕ್ಷಣ ಹಾಲೆಲ್ಲಾ ಮಂದವಾಯ್ತು, ಮಗಳ ಮುಖ ದೂರ ಹೋದಂಗಾಯ್ತು. ಆಮೇಲೆ ಅವಳು ಸೀನಿದ್ಳು, ಎಲ್ಲಾ ಮೊದಲಿನಂತಾಯ್ತು. ಕೆಳಗಡೆ ಹಸಿರು ಹಲಗೆ. ಮದರ್‌ಬೋರ್ಡ್ ಅಂದ್ಳು. ಎಲ್ಲರ ಭಾರ ಅದರ ಮೇಲೇ, ಆದ್ರೂ ಯಾರ ಕಣ್ಣಿಗೂ ಬೀಳದೆ ತಳದಲ್ಲಿ ಬಿದ್ದಿರುತ್ತೆ. ಹೆಸರು ಸರಿಯಾಗೇ ಇಟ್ಟಿದ್ದಾರೆ ಅಂದೆ.

ಕನ್ನಡಕಕ್ಕೆ ಹಾಕೋ ಪುಟ್ಟ ಸ್ಕ್ರೂಡ್ರೈವರು ಇಟ್ಕೊಂಡು ಇಷ್ಟು ದಪ್ಪ ಸ್ಕ್ರೂ ತಿರುಗಿಸೋಕೆ ಹೋಗಿ ಸೋತಳು. ಕೊನೆಗೆ ನಾನು ಕುಕ್ಕರ್ ಹಿಡಿ ಬಿಗಿ ಮಾಡೋ ಸ್ಕ್ರೂಡ್ರೈವರು ತಂದುಕೊಟ್ಟೆ. ಹಳೇ ಕಾರ್ಡು ಅಂಗೈಯಷ್ಟೂ ಇರಲಿಲ್ಲ, ತುದಿಯ ಕೊಂಡಿ ಒತ್ತಿ ಎಳೆದ ಕೂಡಲೇ ಬಂದುಬಿಡ್ತು. ಹೊಸದು ಮೊಳದಷ್ಟು ಉದ್ದ. ಹಾರ್ಡ್ ಡಿಸ್ಕ್ ಅಡ್ಡ ಬಂತು, ಅದನ್ನ ಬಿಚ್ಚಿ ಒಂದು ಅಂತಸ್ತು ಕೆಳಗಿಳಿಸಿದ್ಳು. ಕಾರ್ಡು ಕೂತಿತು, ಕರೆಂಟಿನ ವೈರು ಸಿಕ್ಕಿಸಿಯಾಯ್ತು, ಮೆಮೊರಿ ಪಟ್ಟಿಗಳನ್ನೂ ಇಟ್ಟಾಯ್ತು. ಸ್ವಿಚ್ ಹಾಕಿದ್ರೆ ಪರದೆ ಕಪ್ಪು. ಡಬ್ಬದೊಳಗಿಂದ ಮಾತ್ರ ಬೀಪ್, ಬೀಪ್, ಬೀಪ್.

ಮಗಳ ಮುಖ ಬಿಳಿಚಿಕೊಳ್ತು. "ಸುಟ್ಟುಹಾಕಿಬಿಟ್ಟೆ ಅನ್ಸುತ್ತೆ ಅಮ್ಮ."

"ಸರಿಯಾಗಿ ಒತ್ತಿದೆಯೇನೇ ಅದನ್ನ?"

"ಒತ್ತಿದೆ. ಇನ್ನೂ ಒತ್ತಿದ್ರೆ ಮುರಿದುಹೋಗಲ್ವಾ?"

ಅಲ್ಲೇ ಇತ್ತು ಎಡವಟ್ಟು. ದಿನವಿಡೀ ಗಾಜು ಹಿಡಿಯೋ ಕೈ ಅದು, ಒತ್ತು ಅಂದ್ರೆ ಮುಟ್ಟುತ್ತೆ. ಮೆಮೊರಿ ಪಟ್ಟಿ ಅರ್ಧಕ್ಕೇ ನಿಂತಿತ್ತು. ಕರೆಂಟು ತೆಗಿ ಅಂದು, ಅವಳನ್ನ ಆಚೆ ತಳ್ಳಿ, ಬಿಸ್ಕತ್ತು ಡಬ್ಬಕ್ಕೆ ಮುಚ್ಚಳ ಹಾಕೋ ಥರ ಎರಡೂ ಹೆಬ್ಬೆರಳಿಟ್ಟು ಒತ್ತಿದೆ. ಟಕ್ ಅಂತು, ಎರಡು ಕಡೆಯ ಕೊಂಡಿಗಳೂ ತಾವೇ ಎದ್ದು ಕಚ್ಕೊಂಡ್ವು. ಇನ್ನೊಂದೂ ಟಕ್. ಸ್ವಿಚ್ ಹಾಕಿದ್ರೆ ಕಂಪ್ಯೂಟರ್ ಸದ್ದೇ ಇಲ್ಲದೆ ಎದ್ದು ಕೂತಿತು. ಹಳೇ ಕಾರ್ಡಿನ ಫ್ಯಾನಿನ ಗೊರಗೊರ ಹೋಗೇಬಿಟ್ಟಿತ್ತು. ಮಗಳು ಮಹಡಿ ಮೆಟ್ಟಿಲ ಹತ್ರ ಹೋಗಿ, "ಬನ್ರೀ, ಬೇಗ ಬನ್ರೀ," ಅಂತ ಕೂಗಿದ್ಳು. ಗಂಡನಿಗೆ ಏನಾದ್ರೂ ಒಳ್ಳೇದು ಮಾಡಿದೆ ಅನ್ನೋ ಸಡಗರ ಅವಳ ದನಿಯಲ್ಲಿತ್ತು. ನನಗೂ ಖುಷಿಯಾಯ್ತು, ಸುಳ್ಳು ಯಾಕೆ ಹೇಳಲಿ.

ಅಳಿಯ ಬಂದ, ಕೂತ. ಪರದೆ ಬೆಳಗ್ತು.

ಏನು ಹೇಳಲಿ! ಆ ಊರಿಗೆ ಆಕಾಶ ಇತ್ತು. ಅಷ್ಟು ದೊಡ್ಡ ನೀಲಿ ಆಕಾಶ, ಅದರ ಕೆಳಗೆ ಸಾಲು ಮರ, ಮರದ ಎಲೆಗಳ ನೆರಳು ರಸ್ತೆ ಮೇಲೆ ಅಲ್ಲಾಡ್ತಿತ್ತು. ನಾವು ದಿನಾ ಹೋಗ್ತಿದ್ದ ಒಂದು ನೇರ ರಸ್ತೆ ರಸ್ತೆಯೇ ಅಲ್ಲ, ಸೇತುವೆ. ಕೆಳಗೆ ನದಿ! ಇಷ್ಟು ದಿನ ನದಿ ಮೇಲೆ ಓಡಾಡಿದ್ದೀವಿ, ಗೊತ್ತೇ ಇಲ್ಲ. ನನ್ನ ನೀಲಿ ಬಾಗಿಲಿನ ಮನೆಗೆ ಮೇಲೆ ಇನ್ನೂ ಮೂರು ಅಂತಸ್ತು. ನೀರಿನ ಹೊಳಪು ಬಸ್ಸಿನ ಗಾಜಿಗೆ ಬಂದು, ಅಲ್ಲಿಂದ ನಮ್ಮ ಹಾಲ್‌ಗೇ ಬಂದು ಗೋಡೆ ಮೇಲೆ ಆಡ್ತಿದೆಯೇನೋ ಅನ್ನಿಸ್ತು. ನಾನು ಬಾಯಿ ಬಿಟ್ಕೊಂಡು ನಿಂತಿದ್ದೆ.

ಮತ್ತೆ ಜನ. ಎಲ್ಲರೂ ಎದ್ದುಬಿಟ್ಟಿದ್ರು. ಅಂಗಡಿ ಮುಂದೆ, ಬೆಂಚಿನ ಮೇಲೆ, ರಸ್ತೆಬದಿಯಲ್ಲಿ, ಎಲ್ಲಿ ನೋಡಿದ್ರೂ ಜನ.

ಅಳಿಯ ಸೇತುವೆ ದಾಟಿದ. ಗಡಿಯಾರದ ಕಂಬ ದೂರದಿಂದಲೇ ಕಾಣಿಸ್ತು. ಆ ಎಡ ತಿರುವಿಗೆ ಬರೋ ಹೊತ್ತಿಗೆ ಕೈಚೀಲ ಹಿಡಿದ ಒಬ್ಬ ಹೆಂಗಸು ರಸ್ತೆಗೆ ಕಾಲಿಟ್ಟಳು. ಬಸ್ಸು ಇನ್ನೂ ಎಷ್ಟೋ ಹಿಂದಿತ್ತು. ಇವನು ಬ್ರೇಕು ಒತ್ತಿದ ರಭಸಕ್ಕೆ ಪೆಡಲು ಜಾರಿ ಗೋಡೆಗೆ ಬಡೀತು. ಬಸ್ಸು ನಿಂತಿತು. ಅವಳು ದಾಟಿ ಹೋದಳು. ಇವನ ಎರಡೂ ಕೈ ಸ್ಟೀರಿಂಗ್ ಬಿಟ್ಟು ಗಾಳಿಯಲ್ಲಿದ್ವು. ಹಣೆಯಲ್ಲಿ ಬೆವರು. ಆಟದೊಳಗೆ ಹಿಂದಿನ ಕಾರುಗಳೆಲ್ಲಾ ಹಾರ್ನ್ ಹೊಡೀತಿದ್ವು, ಇವನು ಎದ್ದು ನಿಂತ.

"ಸೊಂಟ," ಅಂದ. ಬಚ್ಚಲಿಗೆ ಹೋಗಿ ಬಾಗಿಲು ಹಾಕ್ಕೊಂಡ.

ಮಗಳು ಆ ಹಾರ್ನ್ ಸದ್ದಿನ ಮಧ್ಯೆ ಸ್ಕ್ರೂಡ್ರೈವರ್ ಹಿಡ್ಕೊಂಡು ನಿಂತಿದ್ಳು. "ನಾನೇನು ತಪ್ಪು ಮಾಡಿದೆ ಅಮ್ಮ?" ಅಂದ್ಳು. ಅವಳ ಪೆಚ್ಚು ಮುಖ ನೋಡಿ, ಸ್ಕ್ರೂಡ್ರೈವರನ್ನ ಕೈಯಿಂದ ತಗೊಂಡು ಒಳಗಿಟ್ಟೆ. ಅವತ್ತು ರಾತ್ರಿ ಊಟ ಮಾಡೋವಾಗ ಮೂವರೂ ತಟ್ಟೆ ನೋಡ್ಕೊಂಡೇ ತಿಂದ್ವಿ.

ಮಾರನೇ ದಿನ ಮಗಳು ಕೆಲಸಕ್ಕೆ ಹೋದಳು. ನಾನು ತರಕಾರಿ ತಗೊಂಡು ಬಂದು ನೋಡ್ತೀನಿ, ಕಂಪ್ಯೂಟರ್ ಮತ್ತೆ ಬೆಡ್‌ಶೀಟಿನ ಮೇಲೆ ಅಂಗಾತ ಮಲಗಿದೆ. ಅಳಿಯ ಅದರ ಮುಂದೆ ಚಕ್ಕಳಮಕ್ಕಳ ಹಾಕ್ಕೊಂಡು ಕೂತಿದ್ದಾನೆ. ಹೊಸ ಕಾರ್ಡು ಕಿತ್ತು ತೊಡೆ ಮೇಲಿಟ್ಟಿದ್ದಾನೆ, ಕೈಯಲ್ಲಿ ಹಳೇದು.

ನನಗೆ ಎಲ್ಲಿತ್ತೋ ಸಿಟ್ಟು. "ಏನ್ರೀ ಅಳಿಯಂದ್ರೇ ಇದು? ಅವಳು ಅಷ್ಟು ಆಸೆಯಿಂದ ತಂದು ಹಾಕಿದ್ದು ನಿಮಗೆ ಕಸ ಆಯ್ತಾ? ಬೇಡ ಅಂದ್ರೆ ಬಾಯಿ ಬಿಟ್ಟು ಹೇಳಬೇಕು. ಕಳ್ಳರ ಥರ ಹಿಂದಿನಿಂದ ಕೀಳೋದಾ?"

ಅವನು ತಲೆ ಎತ್ತಲಿಲ್ಲ. ಹಳೇ ಕಾರ್ಡಿನ ಸಣ್ಣ ಫ್ಯಾನನ್ನ ಬೆರಳಲ್ಲಿ ತಿರುಗಿಸ್ತಾ ಕೂತಿದ್ದ. ಆಮೇಲೆ ಅಂದ: "ಅತ್ತೆ, ನನ್ನ ಸೊಂಟಕ್ಕೆ ಏನೂ ಆಗಿಲ್ಲ."

ನಾನು ಚೀಲ ಕೆಳಗಿಟ್ಟೆ.

"ಸೊಂಟ ನೋವು ಅಂತ ಮನೆಗೆ ಬಂದೆನಲ್ಲ, ಅವತ್ತು ಬೆಳಗ್ಗೆ ಮಂಜಿತ್ತು. ನಿಜವಾದ ಮಂಜು. ಮಾರ್ಕೆಟ್ ತಿರುವಿನಲ್ಲಿ ಒಬ್ಬರು ಹೆಂಗಸು, ನಿಮ್ಮಷ್ಟೇ ವಯಸ್ಸು, ಬಸ್ಸಿಗೆ ಅಡ್ಡ ಬಂದುಬಿಟ್ರು. ಬ್ರೇಕ್ ಹಾಕಿದೆ. ನಿಂತಿತು. ಅವರಿಗೂ ಬಸ್ಸಿಗೂ ಮಧ್ಯ ಒಂದು ಗೇಣು ಇರಲಿಲ್ಲ ಅತ್ತೆ. ಗಾಜಿನಲ್ಲಿ ಅವರ ಮುಖ ಕಂಡಿತು. ತಪ್ಪಾಯ್ತು ಅನ್ನೋ ಥರ ನನಗೆ ಕೈ ಎತ್ತಿ, ನಕ್ಕು ದಾಟಿ ಹೋದ್ರು."

"ಆಮೇಲೆ?"

"ಆಮೇಲೇನೂ ಇಲ್ಲ. ಬಸ್ಸಲ್ಲಿ ನಿಂತಿದ್ದೋರು ಒಬ್ಬರ ಮೇಲೊಬ್ಬರು ಬಿದ್ದು ನನ್ನನ್ನ ಬೈದ್ರು. ಕಂಡಕ್ಟರ್ ರೈಟ್ ಅಂದ. ಏನೂ ಆಗಲಿಲ್ಲ. ಅದೇ ಅತ್ತೆ ಕಷ್ಟ." ಫ್ಯಾನು ತಿರುಗಿಸ್ತಿದ್ದ ಬೆರಳು ನಿಂತಿತು. "ಆಗಿದ್ರೆ ಆಗಿಹೋಯ್ತು ಅಂತ ಇರ್ತಿತ್ತು. ಕೇಸು, ಶಿಕ್ಷೆ, ಏನೋ ಒಂದು ಮುಗೀತಿತ್ತು. ಆಗಲಿಲ್ವಲ್ಲ, ಅದಕ್ಕೇ ಅದು ಇನ್ನೂ ಆಗೋದಿದೆ ಅನ್ಸುತ್ತೆ. ಎಲ್ಲೋ ಕಾಯ್ತಾ ನಿಂತಿದೆ ಅನ್ಸುತ್ತೆ. ಈ ಆಟದಲ್ಲಿ ಜನ ಇರಲಿಲ್ಲ, ಗಡಿಯಾರದ ಕಂಬದ ತಿರುವು ಮಾತ್ರ ಮಾರ್ಕೆಟ್ ತಿರುವಿನ ಥರಾನೇ ಇತ್ತು. ದಿನಾ ಅಲ್ಲಿ ಬ್ರೇಕ್ ಹಾಕಿ ಹಾಕಿ, ಒಂದು ದಿನ ಸರಿಹೋಗುತ್ತೆ ಅಂದ್ಕೊಂಡಿದ್ದೆ. ಸೋಮವಾರ ನಾನು ಹೋಗಲ್ಲ. ಟೈರ್ ಬಿಚ್ಚಿಕೊಂಡು ಇರ್ತೀನಿ. ಟೈರಿಗೆ ಯಾರೂ ಅಡ್ಡ ಬರಲ್ಲ."

ನನ್ನ ಕಣ್ಣು ತುಂಬಿ ಬಂತು. ಇಷ್ಟು ದಿನ ಪಕ್ಕದಲ್ಲೇ ಕೂತು ಹುರುಳಿಕಾಯಿ ಬಿಡಿಸ್ತಾ ಬೆಕ್ಕು ಬಂತಾ ಅಂತ ಕೇಳ್ತಿದ್ದೆನಲ್ಲ, ನನ್ನ ಬಾಯಿಗಿಷ್ಟು ಮಣ್ಣು ಹಾಕ.

"ನೀನು ನಿಲ್ಲಿಸಿದೆಯಲ್ಲೋ," ಅಂದೆ. ನೀವು ಅನ್ನೋದು ಎಲ್ಲಿಗೆ ಹೋಯ್ತೋ. "ಗೇಣೋ ಮೊಳವೋ, ನಿಲ್ಲಿಸಿದೆ ತಾನೇ? ಆ ಯಮ್ಮ ಮನೆಗೆ ಹೋಗಿ ಅನ್ನ ಉಂಡಳು. ಅದು ನಿನ್ನ ಕಾಲು ಮಾಡಿದ ಕೆಲಸ. ಅದನ್ನ ಬಿಟ್ಟು, ಆಗದೇ ಇದ್ದಿದ್ದನ್ನ ತಲೆ ಮೇಲೆ ಹೊತ್ಕೊಂಡು ತಿರುಗ್ತೀಯಲ್ಲ ಮಗನೇ."

ಹೆಂಡತಿಗೆ ಹೇಳಬೇಡಿ ಅಂದ ಅವನು. ನೀನೇ ಹೇಳು, ನಾನು ಹೇಳಲ್ಲ ಅಂದೆ. "ಎರಡೂ ಕಾರ್ಡೂ ನಿನ್ನ ಕೈಯಲ್ಲೇ ಇದೆ. ಯಾವುದು ಬೇಕೋ ಹಾಕ್ಕೋ," ಅಂತ ಹೇಳಿ ಅಡುಗೆಮನೆಗೆ ಬಂದುಬಿಟ್ಟೆ. ಬಂದು ಏನು ಮಾಡಿದೆ ಅಂತೀರಾ? ನಲ್ಲಿ ಬಿಟ್ಟು, ತೊಳೆದ ಪಾತ್ರೆನೇ ಮತ್ತೆ ತೊಳೀತಾ ನಿಂತೆ. ಕಿವಿಯೆಲ್ಲಾ ಹಾಲ್‌ನಲ್ಲೇ. ಹಳೇ ಕಾರ್ಡಾದ್ರೆ ಗೊರಗೊರ ಅನ್ನಬೇಕು. ನಲ್ಲಿ ನಿಲ್ಲಿಸಿದೆ. ಬಸ್ಸಿನ ಗುಂಯ್ ಮಾತ್ರ ಕೇಳಿಸ್ತು, ಗೊರಗೊರ ಇಲ್ಲ. ಬಾಗಿಲ ಸಂದಿಯಿಂದ ಇಣುಕಿದೆ. ಬಿಸಿಲು, ಜನ, ಸೇತುವೆ. ಇವನು ಆಮೆ ನಡಿಗೆಯಲ್ಲಿ ಹೋಗ್ತಿದ್ದಾನೆ. ಯಾರೇ ಕಂಡ್ರೂ ಇಷ್ಟು ದೂರದಲ್ಲೇ ನಿಲ್ಲಿಸ್ತಿದ್ದಾನೆ. ಹಿಂದಿನವರ ಹಾರ್ನಿಗೆ ಮನೆ ಕಿತ್ತುಹೋಗ್ತಿದೆ. ಕಂಪ್ಯೂಟರು ಕೊನೆಗೆ 'ಪ್ರಯಾಣಿಕರಿಗೆ ತೃಪ್ತಿಯಿಲ್ಲ' ಅಂತ ಬರೆದು ತೋರಿಸ್ತು. ತೃಪ್ತಿ ಅಂತೆ ತೃಪ್ತಿ, ಇಳಿದು ನಡ್ಕೊಂಡು ಹೋಗಲಿ ಅಂತ ಒಳಗಿಂದಲೇ ಬೈದೆ.

ಭಾನುವಾರವೂ ಅಷ್ಟೇ. ಅಂದು ಸಂಜೆ ಅವನೇ ಹೆಂಡತಿಗೆ ಎಲ್ಲಾ ಹೇಳಿದ ಅನ್ಸುತ್ತೆ, ಮಹಡಿ ಮೇಲೆ ಇಬ್ಬರೂ ತುಂಬಾ ಹೊತ್ತು ಕೂತಿದ್ರು. ಕೆಳಗೆ ಬಂದಾಗ ಅವಳ ಮೂಗು ಕೆಂಪಾಗಿತ್ತು. ನಾನು ನೋಡದ ಹಾಗೆ ಇದ್ದೆ.

ಸೋಮವಾರ ಎದ್ದವನೇ ಯೂನಿಫಾರ್ಮ್ ಇಸ್ತ್ರಿ ಮಾಡ್ಕೊಂಡ. "ಹೋಗಿ ಬರ್ತೀನಿ ಅತ್ತೆ," ಅಂದ, ಅದೇ ಅಪ್ಪಣೆ ಕೇಳೋ ದನಿಯಲ್ಲಿ. ಅವನು ಆ ಕಡೆ ಹೋದ, ನಾನು ಚಪ್ಪಲಿ ಮೆಟ್ಟಿದೆ. ಮಗಳು, "ಎಲ್ಲಿಗಮ್ಮಾ?" ಅಂದ್ಳು. "ಕೊತ್ತಂಬರಿ ಮುಗಿದಿದೆ," ಅಂದೆ.

ಅವನ ರೂಟಿನ ಬಸ್ಸು ನ‌ಮ್ಮ ರಸ್ತೆ ತುದಿಯ ಸ್ಟಾಪಿಗೇ ಬರಬೇಕು. ಅಲ್ಲಿ ಹೋಗಿ ನಿಂತೆ. ಬೇರೆ ಬಸ್ಸುಗಳು ಬಂದ್ವು, ಹೋದ್ವು, ಜನ ಹತ್ತಿ ಖಾಲಿಯಾದ್ರು. ನಾನೊಬ್ಬಳೇ ಉಳಿದೆ. ಬಿಸಿಲು ಹಿತವಾಗಿತ್ತು. ನಿಂತಲ್ಲೇ ಕನಸು ಕಂಡಂಗೆ, ಆ ತಿರುವಿನಾಚೆ ಇನ್ನೂ ಏನೂ ಹುಟ್ಟಿಲ್ಲ, ನಾನು ಕಣ್ಣಿಟ್ಟು ನೋಡಿದ್ರೆ ಮಾತ್ರ ಹುಟ್ಟುತ್ತೆ ಅನ್ನಿಸ್ತು. ಕಣ್ಣು ಮಿಟುಕಿಸದೆ ನೋಡಿದೆ. ಬಸ್ಸು ಬಂತು. ಖಾಲಿ ಬಸ್ಸು, ಗಾಜಿನಾಚೆ ಅಳಿಯನ ಮುಖ.

ನಾನು ಫುಟ್‌ಪಾತಿನ ಅಂಚಿಗೆ ಬಂದು ಒಂದು ಕಾಲು ರಸ್ತೆಗಿಟ್ಟೆ, ಕೈ ಚಾಚಿದೆ.

ಬಸ್ಸು ನಿಂತುಬಿಡ್ತು. ಎಲ್ಲಿ? ಅಷ್ಟು ದೂರದಲ್ಲಿ, ದರ್ಜಿ ಅಂಗಡಿ ಮುಂದೆ. ಇನ್‌ಸ್ಟ್ರಕ್ಟರ್ ಬಾಗಿಲಿಂದ ತಲೆ ಹೊರಗೆ ಹಾಕಿದ್ರು. ಮುಖ ಸಪ್ಪಗಿತ್ತು. ಹಿಂದಿನ ಸ್ಟಾಪುಗಳಲ್ಲೂ ಇದೇ ಕಥೆ ಆಗಿರಬೇಕು ಅಂತ ನನಗೆ ಆಗಲೇ ಗೊತ್ತಾಯ್ತು.

"ಅಮ್ಮಾ, ಇದು ಟ್ರಯಲ್ ಬಸ್ಸು! ಹತ್ತೋ ಹಾಗಿಲ್ಲ!"

"ಹತ್ತೋಕೆ ಯಾರು ಬಂದ್ರು?" ನನ್ನ ಕಾರ್ಖಾನೆ ಗಂಟಲು ಇಡೀ ರಸ್ತೆಗೆ ಕೇಳಿಸ್ತು. "ನಾನು ನಿಲ್ಲೋಕೆ ಬಂದಿದ್ದೀನಿ! ಸ್ಟಾಪು ಇಲ್ಲಿದೆ, ಬಸ್ಸು ಅಲ್ಲಿದೆ. ಮುದುಕಿ ಅಲ್ಲಿವರೆಗೆ ಓಡಿ ಬರಬೇಕಾ?" ಆಮೇಲೆ ಅವನನ್ನ ನೋಡಿ ಕೂಗಿದೆ, "ಹತ್ತಿರ ಬಾ!"

ಬಸ್ಸು ಕದಲಲಿಲ್ಲ. ಗಾಜಿನಾಚೆ ಅವನು ತಲೆ ಅಲ್ಲಾಡಿಸಿದ. ನಾನು ಕಾಲು ತೆಗೆಯಲಿಲ್ಲ. "ನನಗೆ ಹೊತ್ತಾಗ್ತಿಲ್ಲ, ಸಂಜೆವರೆಗೂ ನಿಲ್ತೀನಿ! ಬಾ!"

ಬಸ್ಸು ಉಸಿರು ಬಿಟ್ಟು ಮುಂದಕ್ಕೆ ಬಂತು. ನಿಂತಿತು. ಮತ್ತೆ ಸ್ವಲ್ಪ ಬಂತು. ಹೆದರಿಕೆ ಆಗಲಿಲ್ಲ ಅಂದ್ರೆ ಸುಳ್ಳು. ಅಷ್ಟು ದೊಡ್ಡ ವಸ್ತು ಮೇಲೆ ಬರೋವಾಗ ಯಾರ ಎದೆ ಢವಢವ ಅನ್ನಲ್ಲ? ಇವನೇನಾದ್ರೂ ನಿಲ್ಲಿಸದೇ ಹೋದ್ರೆ ಅಂತ ಒಂದು ಸಲ ಅನ್ನಿಸ್ತು, ಅನ್ನಿಸಿದ್ದಕ್ಕೆ ನನಗೇ ನಾಚಿಕೆಯಾಯ್ತು. ಬಾ, ಬಾ ಅಂತ ಕೈ ಆಡಿಸ್ತಾನೇ ಇದ್ದೆ. ಎಂಜಿನ್ನಿನ ಬಿಸಿ ಮುಖಕ್ಕೆ ಬಡೀತು. ಅವನ ಹಣೆಯ ಬೆವರು ಕಾಣಿಸ್ತು, ಕಚ್ಚಿದ ತುಟಿ ಕಾಣಿಸ್ತು. ಬಸ್ಸು ಸ್ಟಾಪಿನ ಗೆರೆಗೆ ಬಂದು, ನನ್ನ ಪಕ್ಕದಲ್ಲಿ, ಕೈ ಚಾಚಿದ್ರೆ ಸಿಗೋ ಅಷ್ಟು ಹತ್ತಿರ, ಜರ್ಕೇ ಇಲ್ಲದೆ ನಿಂತಿತು. ಬಾಗಿಲು ತೆರೀತು.

ಇಬ್ಬರೂ ಒಬ್ಬರನ್ನೊಬ್ಬರು ನೋಡ್ಕೊಂಡು ನಿಂತ್ವಿ. ಇನ್‌ಸ್ಟ್ರಕ್ಟರ್ ಕೈಗಡಿಯಾರ ನೋಡ್ಕೊಂಡು, "ರೈಟ್, ಹೊರಡಪ್ಪಾ," ಅಂದ್ರು. ಬಾಗಿಲು ಮುಚ್ಚಿತು. ನಾನಿನ್ನೂ ಅಲ್ಲೇ ನಿಂತಿದ್ದೆ, ಒಂದು ಕಾಲು ರಸ್ತೆಯಲ್ಲೇ ಇಟ್ಕೊಂಡು.

ನಾನು ಬೆಚ್ಚಿಬೀಳೋ ಹಾಗೆ ಅಳಿಯ ಹಾರ್ನ್ ಹೊಡೆದ. ಬಾಗಿಲು ಮತ್ತೆ ತೆರೆದು, ಇಡೀ ಬೀದಿ ತಿರುಗಿ ನೋಡೋ ದನಿಯಲ್ಲಿ ಕೂಗಿದ: "ರೀ ಅಮ್ಮಾ! ರಸ್ತೆ ಏನು ನಿಮ್ಮಪ್ಪಂದಾ? ಹಿಂದೆ ಸರೀರೀ, ಕಾಲ ಮೇಲೆ ಹತ್ತಿಸಲಾ?"

ಕೂಗಿದ ಮೇಲೆ ಅವನಿಗೇ ಗೊತ್ತಾಯ್ತು ಯಾರಿಗೆ ಏನಂದೆ ಅಂತ. ನಾಲಿಗೆ ಕಚ್ಕೊಂಡ. ನಾನು ಹಿಂದೆ ಸರಿದೆ. ಒಂದು ಲೋಟ ನೀರನ್ನೂ ಜೋರಾಗಿ ಕೇಳದ ಅಳಿಯ ನನ್ನನ್ನ ಬೈದಿದ್ದು ಅದೇ ಮೊದಲು. ಬಸ್ಸು ಬಲಕ್ಕೆ ದೀಪ ಹಾಕ್ಕೊಂಡು ಸಾಲಿಗೆ ಸೇರ್ಕೊಂಡು ಹೊರಟುಹೋಯ್ತು. ನಾನು ಅಂಗೈಯಲ್ಲಿ ಬಾಯಿ ಮುಚ್ಕೊಂಡು, ಹಾದಿಯಲ್ಲಿ ಹೋಗೋರೆಲ್ಲಾ ನೋಡ್ತಿದ್ರೂ ಲೆಕ್ಕಿಸದೆ, ಆ ಸ್ಟಾಪಿನ ಬೆಂಚಿನ ಮೇಲೆ ಕೂತು ಹೊಟ್ಟೆತುಂಬಾ ಅತ್ತುಬಿಟ್ಟೆ.